ಕೊಳಿಯಾಕ್‌ನಲ್ಲಿ ಸಮುದ್ರದೊಳಗಿನ ನಿಷ್ಕಳಂಕ ಮಹಾದೇವನ ದರ್ಶನಕ್ಕೆ ಎಷ್ಟು ಹೊತ್ತಿಗೆ ಹೋದರೆ ಸುರಕ್ಷಿತ?

ನಿಮ್ಮ ಪ್ರಶ್ನೆ ಇಷ್ಟು: ತುಮಕೂರಿನಿಂದ ಅಹಮದಾಬಾದ್‌ವರೆಗೆ ರೈಲು, ಅಲ್ಲಿಂದ ಟಿಟಿ (ಟೆಂಪೊ ಟ್ರಾವೆಲರ್), ಸೋಮನಾಥ, ದ್ವಾರಕೆ ಮುಗಿಸಿ ಭಾವನಗರದ ಹತ್ತಿರದ ಕೊಳಿಯಾಕ್‌ಗೆ ಹೋಗ್ತೀರಿ. ಜೊತೆಗೆ ಎಪ್ಪತ್ತು ದಾಟಿದ ಅಪ್ಪ, ಅಮ್ಮ. ಬೆಳಗ್ಗೆ ಹತ್ತಕ್ಕೆ ದಡ ಮುಟ್ಟಿದರೆ ದರ್ಶನ ಆಗುತ್ತಾ?

ಹತ್ತು ಗಂಟೆ ಅಂತ ಮೊದಲೇ ಗೊತ್ತು ಮಾಡಿಕೊಂಡು ಹೋಗೋ ಜಾಗ ಅದಲ್ಲ. ಸಮುದ್ರದ ನೀರು ಹಿಂದೆ ಸರಿದಾಗ, ಅಂದರೆ ಇಳಿತದಲ್ಲಿ ಮಾತ್ರ, ಅಲ್ಲಿಗೆ ನಡೆದು ಹೋಗೋ ದಾರಿ ತೆರೆಯುತ್ತೆ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತಿನ ಇಳಿತದ ಹೊತ್ತು ನಾಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಪ್ರವಾಸ ಎರಡು ದಿನ ತಡವಾದರೆ 100 ನಿಮಿಷದ ವ್ಯತ್ಯಾಸ. ಏಜೆಂಟರು ಅಚ್ಚು ಹಾಕಿಸಿದ ಕಾರ್ಯಕ್ರಮ ಪಟ್ಟಿಗೆ ಇದು ಗೊತ್ತಿರಲ್ಲ.

ಮೊದಲು ಮನೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮುಂದಿನ ಒಂದೆರಡು ದಿನ ನೀರು ಅತಿ ಹೆಚ್ಚು ಏರುತ್ತೆ, ಅಷ್ಟೇ ಕೆಳಗೂ ಇಳಿಯುತ್ತೆ. ದಾರಿ ಚೆನ್ನಾಗಿ ತೆರೆದುಕೊಳ್ಳುತ್ತೆ. ಅಷ್ಟಮಿಯಿಂದ ದಶಮಿವರೆಗೆ ಏರಿಳಿತ ಕಡಿಮೆ, ಇಳಿತದಲ್ಲೂ ನೀರು ಅಷ್ಟು ಹಿಂದೆ ಸರಿಯಲ್ಲ. ದಿನ ಬದಲಾಯಿಸೋಕೆ ಅವಕಾಶ ಇದ್ದರೆ ಆ ತಿಥಿಗಳನ್ನು ಬಿಡಿ.

ಆಮೇಲೆ ಆ ದಿನದ ಭಾವನಗರದ ಉಬ್ಬರ-ಇಳಿತದ ವೇಳಾಪಟ್ಟಿ ತೆಗೆಯಿರಿ. ಭಾವನಗರದ್ದೇ ಬೇಕು. ಮುಂಬೈ ಪಟ್ಟಿ ನಡೆಯಲ್ಲ, ಭಾವನಗರ ಇರೋ ಖಂಭಾತ್ ಕೊಲ್ಲಿಯ ಒಳಗೆ ಉಬ್ಬರ ತಲುಪೋದು ಕೆಲವು ಗಂಟೆ ತಡವಾಗಿ. ಆ್ಯಪ್ ನೋಡೋದಾದರೆ ಅದು ತೋರಿಸ್ತಿರೋದು ಭಾರತೀಯ ಸಮಯ ತಾನೇ ಅಂತ ಖಚಿತ ಮಾಡಿಕೊಳ್ಳಿ. ಹಿಂದಿನ ಸಂಜೆ ಊರವರನ್ನೂ ಒಂದು ಮಾತು ಕೇಳಿ: ಅವರು ಉಬ್ಬರಕ್ಕೆ ಭರತಿ ಅಂತಾರೆ, ಇಳಿತಕ್ಕೆ ಓಟ್.

ಈಗ ಮುಖ್ಯ ವಿಷಯ. ನಮ್ಮ ಕಡೆ ನೀರು ಅಂದರೆ ಕೆರೆ ಕೋಡಿ. ಏರೋದಕ್ಕೂ ಇಳಿಯೋದಕ್ಕೂ ದಿನಗಟ್ಟಲೆ ಬೇಕು. ಆ ಅಂದಾಜು ಇಲ್ಲಿ ಕೈ ಕೊಡುತ್ತೆ. ಮಂಗಳೂರಿನಲ್ಲಿ ಏರಿಳಿತ ಒಂದೆರಡು ಮೀಟರ್, ಭಾವನಗರದಲ್ಲಿ ಅಮಾವಾಸ್ಯೆ-ಹುಣ್ಣಿಮೆ ಹೊತ್ತಿಗೆ 10 ಮೀಟರ್ ಆಸುಪಾಸು. ಅದೂ ಒಂದೇ ವೇಗದಲ್ಲಿ ಏರಲ್ಲ. ಇಳಿತ ಮುಗಿದ ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆಯಲ್ಲಿ ಎರಡು, ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ ಮೂರು ಮೂರು ಪಾಲು. 10 ಮೀಟರ್ ಲೆಕ್ಕದಲ್ಲಿ ಮೊದಲ ಗಂಟೆ ಮುಕ್ಕಾಲು ಮೀಟರ್ ಚಿಲ್ಲರೆ, ಮೂರನೇ ಗಂಟೆ ಎರಡೂವರೆ ಮೀಟರ್. ಅಂದರೆ ನಿಮಿಷಕ್ಕೆ 4 ಸೆಂಟಿಮೀಟರ್. 'ನೀರು ಇನ್ನೂ ದೂರ ಇದೆ' ಅನ್ನೋರೆಲ್ಲ ಆ ಮೊದಲ ಗಂಟೆಯ ನಿಧಾನ ನೋಡಿ ಮೋಸ ಹೋಗೋರು.

ಹಾಗಾಗಿ ಪಟ್ಟಿಯಲ್ಲಿರೋ ಇಳಿತದ ಸಮಯವನ್ನು ಹೊರಡೋ ಸಮಯ ಅಂದುಕೊಳ್ಳಬೇಡಿ, ಅದು ವಾಪಸ್ ತಿರುಗೋ ಸಮಯ. ದೇವಸ್ಥಾನ ದಡದಿಂದ ಸುಮಾರು 1 ಕಿಲೋಮೀಟರ್. ಹಿರಿಯರಿಗೆ ಕೆಸರಲ್ಲಿ ಹೋಗೋಕೆ 40 ನಿಮಿಷ, ಬರೋಕೆ 40 ನಿಮಿಷ ಇಟ್ಟುಕೊಳ್ಳಿ. ಇಳಿತ 12ಕ್ಕೆ ಇದೆ ಅಂದುಕೊಂಡರೆ ಹತ್ತೂವರೆಗೆ ದಡ ಬಿಡಿ, ಅದೂ ದಾರಿ ಪೂರ್ತಿ ಕಾಣ್ತಿದ್ದರೆ ಮಾತ್ರ. 12ಕ್ಕೆ ಅಲ್ಲಿಂದ ಹೊರಡಿ. ಮೊಬೈಲ್‌ನಲ್ಲಿ ಅಲಾರಂ ಇಡಿ. ಅಭಿಷೇಕ ಅರ್ಧ ಆಗಿದ್ದರೂ ಅಲಾರಂ ಹೊಡೆದರೆ ಎದ್ದುಬಿಡಿ.

ಅಲ್ಲೇ ಕಟ್ಟೆ ಮೇಲೆ ಕೂತು ಮುಂದಿನ ಇಳಿತಕ್ಕೆ ಕಾಯೋಣ ಅನ್ನೋ ಯೋಚನೆ ಬೇಡವೇ ಬೇಡ. ಮುಂಬೈಯ ಹಾಜಿ ಅಲಿಯಲ್ಲಿ ರಸ್ತೆ ಮುಳುಗಿದರೂ ದರ್ಗಾ ನೀರಿನ ಮೇಲಿರುತ್ತೆ, ಕಾಯಬಹುದು. ಇಲ್ಲಿ ಐದು ಲಿಂಗ, ಕಟ್ಟೆ ಎಲ್ಲ ಮುಳುಗುತ್ತೆ, ಕಾಣೋದು ಧ್ವಜಸ್ತಂಭ ಮಾತ್ರ. ಇಂಥ ಬಯಲಿನಲ್ಲಿ ನೀರು ಎದುರಿನಿಂದಲೇ ಬರಬೇಕು ಅಂತಲೂ ಇಲ್ಲ. ಮೊದಲು ತಗ್ಗು, ಕಾಲುವೆಗಳಲ್ಲಿ ನುಗ್ಗುತ್ತೆ; ನೀವು ಎದುರು ನೋಡ್ತಿರುವಾಗ ಬೆನ್ನ ಹಿಂದಿನ ತಗ್ಗು ತುಂಬಿರಬಹುದು.

ಅನುಮಾನ ಬಂದರೆ ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಐದು ನಿಮಿಷ ನೋಡಿ. ಕಡ್ಡಿ ಬುಡ ಒಣಗಿಯೇ ಇದ್ದರೆ ನೀರು ಇನ್ನೂ ಏರೋಕೆ ಶುರುವಾಗಿಲ್ಲ. ಬುಡ ಸುತ್ತಿ ನೊರೆ ನಿಂತು ಮತ್ತೆ ಹಿಂದಕ್ಕೆ ಹೋಗದಿದ್ದರೆ ತಿರುಗಿದೆ, ಹೊರಡಿ.

ಕಾಲಿಗೆ ಹವಾಯಿ ಚಪ್ಪಲಿ ಬೇಡ, ಕೆಸರು ಎಳೆದುಕೊಂಡುಬಿಡುತ್ತೆ. ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕಿ. ಬರಿಗಾಲಲ್ಲಿ ಬಂಡೆಗೆ ಅಂಟಿದ ಚಿಪ್ಪು ಕುಯ್ಯುತ್ತೆ. ಹಿರಿಯರ ಕೈಗೆ ಊರುಗೋಲು ಕೊಡಿ. ಕಾಲು ಹೂತರೆ ಜಗ್ಗಬಾರದು, ಇನ್ನೊಂದು ಕಾಲು ಅದಕ್ಕಿಂತ ಆಳಕ್ಕೆ ಹೋಗುತ್ತೆ. ಮೈಯನ್ನು ಹಿಂದಕ್ಕೆ ವಾಲಿಸಿ, ಹಿಮ್ಮಡಿ ಅಲ್ಲಾಡಿಸುತ್ತಾ ನಿಧಾನ ಬಿಡಿಸಿಕೊಳ್ಳಿ. ಟಿಟಿಯನ್ನು ಮರಳಿಗೆ ಇಳಿಸೋಕೆ ಡ್ರೈವರ್‌ಗೆ ಬಿಡಬೇಡಿ. ದಡದಲ್ಲಿ ಒಣಗಿದ ಕಸ, ಹಳೇ ಹೂವಿನ ಗೆರೆ ಕಾಣುತ್ತಲ್ಲ, ನೀರು ಅಲ್ಲಿವರೆಗೆ ಬರುತ್ತೆ, ಅದಕ್ಕಿಂತ ಮೇಲೆ ನಿಲ್ಲಿಸಲಿ.

ಶ್ರಾವಣದ ಅಮಾವಾಸ್ಯೆಗೆ ಅಲ್ಲಿ ದೊಡ್ಡ ಜಾತ್ರೆ. ಅದು ಮಳೆಗಾಲ, ಜೋರು ಗಾಳಿ ದಡದ ಕಡೆ ಬೀಸಿದರೆ ಅಥವಾ ವಾಯುಭಾರ ಕುಸಿದರೆ ನೀರು ಪಟ್ಟಿಯಲ್ಲಿರೋದಕ್ಕಿಂತ ಮೇಲಿರುತ್ತೆ. ಜನಜಂಗುಳಿ ಬೇರೆ. ಅಪ್ಪ-ಅಮ್ಮನ ಜೊತೆ ಹೋಗೋಕೆ ಮಾಘ, ಫಾಲ್ಗುಣದ ಹುಣ್ಣಿಮೆಯ ಮಾರನೇ ದಿನ ವಾಸಿ. ಹಗಲಿನ ಇಳಿತಕ್ಕೇ ಹೋಗಿ. ಯಾರಾದರೂ ನೀರಲ್ಲಿ ಸಿಕ್ಕಿಕೊಂಡರೆ 112ಕ್ಕೆ, ಇಲ್ಲವೇ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ, ಇಳಿಯಬೇಡಿ.