ವೈದ್ಯರನ್ನು ಕೇಳಿ: ಮರೆವಿನ ಕಾಯಿಲೆಗೆ ಮಿದುಳಿನ ಸ್ಕ್ಯಾನ್ ಏನು ಹೇಳುತ್ತದೆ?

ಪ್ರಶ್ನೆ: ನನ್ನ ಅಮ್ಮನಿಗೆ 72 ವರ್ಷ. ಒಂದೂವರೆ ವರ್ಷದಿಂದ ಮರೆವು ಹೆಚ್ಚುತ್ತಿದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಐವತ್ತು ವರ್ಷ ಸಾರು ಮಾಡಿದವರು ಈಗ ಒಗ್ಗರಣೆಯ ಹೊತ್ತಿಗೆ ಮುಂದೇನು ಎಂದು ತಿಳಿಯದೆ ಒಲೆಯ ಮುಂದೆ ನಿಂತುಬಿಡುತ್ತಾರೆ. ಎಂ.ಆರ್.ಐ. ಮಾಡಿಸಿದೆವು. ‘ವಯಸ್ಸಿಗೆ ತಕ್ಕಷ್ಟು ಮಿದುಳು ಕುಗ್ಗಿದೆ, ಬೇರೆ ದೋಷ ಕಾಣುವುದಿಲ್ಲ’ ಎಂದು ವರದಿ ಬಂದಿದೆ. ಅದನ್ನು ಓದಿದ ಅಣ್ಣ, ‘ಸ್ಕ್ಯಾನ್ ನಾರ್ಮಲ್ ಇದೆ, ಅಮ್ಮ ಗಮನ ಕೊಡುವುದಿಲ್ಲ ಅಷ್ಟೆ’ ಎನ್ನುತ್ತಾನೆ. ಹಾಗಾದರೆ ಡಿಮೆನ್ಷಿಯಾ ಇಲ್ಲವೆಂದೇ ಅರ್ಥವೇ?
– ಹೆಸರು ಬೇಡ, ಸಾಗರ

ಉತ್ತರ: ಆ ಅರ್ಥ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ವರದಿಯ ಸಾಲಿಗಿಂತ ಒಗ್ಗರಣೆಯ ಮಾತು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ನೆನಪು, ಮಾತು, ಲೆಕ್ಕ, ದಾರಿ ಗುರುತಿಸುವುದು ಮೊದಲಾದ ಶಕ್ತಿಗಳು ಹಿಂದಿದ್ದ ಮಟ್ಟದಿಂದ ಕುಂದಿ, ನಿತ್ಯದ ಕೆಲಸಗಳನ್ನು ಸ್ವತಃ ನಿಭಾಯಿಸಲಾಗದಂತಾದಾಗ ಆ ಸ್ಥಿತಿಯನ್ನು ಡಿಮೆನ್ಷಿಯಾ ಎನ್ನುತ್ತೇವೆ. ಅದು ಇದೆಯೋ ಇಲ್ಲವೋ ಎಂಬುದು ಮನೆಯವರು ಹೇಳುವ ವಿವರದಿಂದಲೂ, ರೋಗಿಯ ಎದುರು ಕುಳಿತು ಮಾಡುವ ಪರೀಕ್ಷೆಯಿಂದಲೂ ತೀರ್ಮಾನವಾಗುತ್ತದೆ. ಇದ್ದರೆ ಅದಕ್ಕೆ ಕಾರಣವೇನು ಎಂದು ಹುಡುಕುವಾಗ ಸ್ಕ್ಯಾನ್ ನೆರವಿಗೆ ಬರುತ್ತದೆ.

ಸ್ಕ್ಯಾನ್ ಬರೆದುಕೊಡುವ ವೈದ್ಯರ ಮೊದಲ ಉದ್ದೇಶ, ಸರಿಪಡಿಸಬಹುದಾದ ಕಾರಣವೇನಾದರೂ ಅಡಗಿದೆಯೇ ಎಂದು ನೋಡುವುದು. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಸಣ್ಣ ಪೆಟ್ಟಾಗಿ, ಮನೆಯವರೆಲ್ಲ ಅದನ್ನು ಮರೆತ ಎಷ್ಟೋ ವಾರಗಳ ನಂತರ, ಮಿದುಳಿನ ಹೊರಪೊರೆಯ ಕೆಳಗೆ ರಕ್ತ ನಿಧಾನವಾಗಿ ಶೇಖರವಾಗಿ ಮಿದುಳನ್ನು ಒತ್ತುವುದುಂಟು. ಮಂಕಾದ ಹಿರಿಯರನ್ನು ‘ಅರವತ್ತಕ್ಕೆ ಅರಳು ಮರಳು’ ಎಂದು ಹಾಗೆಯೇ ಬಿಟ್ಟು ತಡವಾಗಿ ಕರೆತಂದಾಗ ನನಗೆ ತುಂಬ ಸಂಕಟವಾಗುತ್ತದೆ, ಏಕೆಂದರೆ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಆ ರಕ್ತವನ್ನು ಹೊರತೆಗೆದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಮಿದುಳಿನ ಒಳಗಿನ ಕುಹರಗಳಲ್ಲಿ ದ್ರವ ಹೆಚ್ಚಿ, ಕಾಲು ನೆಲಕ್ಕೆ ಅಂಟಿದಂತಹ ನಡಿಗೆ, ಮೂತ್ರ ತಡೆಯಲಾಗದಿರುವುದು, ಮರೆವು ಇವು ಜೊತೆಜೊತೆಗೆ ಬರುವ ಇನ್ನೊಂದು ಸ್ಥಿತಿಯಿದೆ. ಅದರಲ್ಲಿಯೂ ಆಯ್ದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯಿಂದ ಗುಣ ಕಾಣುತ್ತದೆ. ಗಡ್ಡೆ, ಹಳೆಯ ಪಾರ್ಶ್ವವಾಯುವಿನ ಗುರುತು ಇವೂ ಸ್ಕ್ಯಾನ್‌ನಲ್ಲಿ ತಿಳಿಯುತ್ತವೆ. ನಿಮ್ಮ ತಾಯಿಯವರ ವರದಿ ಇಂಥವು ಕಾಣಲಿಲ್ಲವೆಂದು ಹೇಳಿದೆ. ಅದು ಸಮಾಧಾನದ ಸಂಗತಿಯೇ, ಆದರೆ ಅದು ಹೇಳಿದ್ದು ಅಷ್ಟೇ.

ಇನ್ನು ‘ವಯಸ್ಸಿಗೆ ತಕ್ಕಷ್ಟು’ ಎಂಬ ಮಾತು. ಮಿದುಳಿನ ಆಳದಲ್ಲಿ, ಕಿವಿಗಳ ಮಟ್ಟದಲ್ಲಿ, ಎರಡೂ ಬದಿಗೆ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಬೆಳಿಗ್ಗೆ ಯಾರು ಬಂದಿದ್ದರು, ಮಾತ್ರೆ ನುಂಗಿದೆನೋ ಇಲ್ಲವೋ ಎಂಬಂಥ ಹೊಸ ವಿಷಯಗಳು ಮನಸ್ಸಿನಲ್ಲಿ ನಿಲ್ಲಬೇಕಾದರೆ ಅದು ಚೆನ್ನಾಗಿರಬೇಕು. ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಆಲ್‌ಝೈಮರ್ಸ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗತೊಡಗುವುದು ಈ ಭಾಗ ಮತ್ತು ಇದರ ನೆರೆಹೊರೆ. ಎಂ.ಆರ್.ಐ. ಚಿತ್ರದಲ್ಲಿ ಈ ಕುಗ್ಗುವಿಕೆಯನ್ನು ಕಣ್ಣಿನಿಂದಲೇ ಅಳೆದು 0ಯಿಂದ 4ರವರೆಗೆ ಅಂಕ ಕೊಡುವ ಪದ್ಧತಿ 1992ರಿಂದಲೂ ಇದೆ. 75 ವರ್ಷದೊಳಗಿನವರಲ್ಲಿ 2 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಸಾಮಾನ್ಯವಾಗಿ ವಯೋಸಹಜವೆಂದು ಬಿಡುವುದಿಲ್ಲ. ಒಂದೇ ಸಾಲಿನ ವರದಿಯಲ್ಲಿ ಈ ಅಂಕ ಬಿಟ್ಟುಹೋಗಿರಬಹುದು. ಆದ್ದರಿಂದ ವರದಿಯ ಹಾಳೆಯ ಜೊತೆಗೆ ಫಿಲ್ಮ್ ಅಥವಾ ಸಿ.ಡಿ.ಯನ್ನೂ ನರರೋಗ ತಜ್ಞರ ಬಳಿಗೆ ಒಯ್ದು, ಹಿಪ್ಪೊಕ್ಯಾಂಪಸ್ ಹೇಗಿದೆ ಎಂದು ನೇರವಾಗಿ ಕೇಳಿರಿ. ಅಂಕ ಕಡಿಮೆಯಿದ್ದರೂ ಆರಂಭದ ಹಂತದ ಆಲ್‌ಝೈಮರ್ಸ್ ಇಲ್ಲವೆಂದು ಹೇಳಲಾಗದು.

ಇಂಥ ಅಳತೆಗೋಲುಗಳು ಬಹುಪಾಲು ಪಾಶ್ಚಾತ್ಯ ದೇಶಗಳ ಜನರನ್ನು ನೋಡಿ ರೂಪಿಸಿದವು ಎಂಬುದನ್ನೂ ನೆನಪಿಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಎಂ.ಆರ್.ಐ.ಗಳನ್ನು ದೀರ್ಘಕಾಲ ದಾಖಲಿಸುವ ಅಧ್ಯಯನ ನಡೆಸುತ್ತಿದೆ. ನಮ್ಮ ಜನರಲ್ಲಿ ವಯೋಸಹಜವೆಂದರೆ ಎಷ್ಟು ಎಂದು ತಿಳಿಯಲು ಇಂಥ ಕೆಲಸವೇ ಆಧಾರವಾಗಬೇಕು.

ಸದ್ಯಕ್ಕೆ ನಿಮ್ಮ ತಾಯಿಯವರಿಗೆ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಮನಸ್ಸಿನ ಖಿನ್ನತೆಯೂ ಮರೆವಿನಂತೆ ತೋರುವುದರಿಂದ ಅದನ್ನೂ ವಿಚಾರಿಸಬೇಕು. ನೆನಪಿನ ಪರೀಕ್ಷೆ ಕನ್ನಡದಲ್ಲಿಯೇ, ಅವರು ಓದಿದ ತರಗತಿಯನ್ನು ಗಣನೆಗೆ ತೆಗೆದುಕೊಂಡು ನಡೆಯಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡವೂ ಸೇರಿ ಐದು ಭಾಷೆಗಳಲ್ಲಿವೆ. ವೈದ್ಯರನ್ನು ಕಾಣಲು ಹೋಗುವ ದಿನ ದಯವಿಟ್ಟು ನಿಮ್ಮ ಅಣ್ಣನವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ನೆನಪು ಅಷ್ಟೇನೂ ಕೆಟ್ಟಿಲ್ಲ, ಸ್ವಭಾವವೇ ಬದಲಾಗಿದೆ. ಸಾವಿನ ಮನೆಯಲ್ಲಿ ಜೋರಾಗಿ ನಗುತ್ತಾರೆ. ಸಿಹಿ ಎಂದರೆ ಹಪಹಪಿಸುತ್ತಾರೆ. ಪೆಟ್ ಸ್ಕ್ಯಾನ್ ಮಾಡಿಸಿದರೆ ಎಲ್ಲ ಖಚಿತವಾಗುತ್ತದೆ ಎಂದು ಅಮೆರಿಕದಲ್ಲಿರುವ ತಮ್ಮ ಹೇಳುತ್ತಾನೆ. ಮಾಡಿಸಲೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ನರರೋಗ ತಜ್ಞರ ಪರೀಕ್ಷೆ ಮತ್ತು ಎಂ.ಆರ್.ಐ. ಆಗಲಿ. ನೀವು ಬರೆದ ಲಕ್ಷಣಗಳು ಮಿದುಳಿನ ಮುಂಭಾಗ ಮತ್ತು ಕಿವಿಯ ಬಳಿಯ ಪಕ್ಕದ ಭಾಗಗಳನ್ನು ಹಿಡಿಯುವ ಬೇರೊಂದು ಬಗೆಯ ಡಿಮೆನ್ಷಿಯಾದಲ್ಲಿಯೂ ಬರುತ್ತವೆ. ಅದನ್ನು ಆಲ್‌ಝೈಮರ್ಸ್‌ನಿಂದ ಬೇರ್ಪಡಿಸುವಲ್ಲಿ ಪೆಟ್ ನಿಜವಾಗಿಯೂ ಉಪಯುಕ್ತ. ಇದರಲ್ಲಿ ವಿಕಿರಣ ಸೂಸುವ ಸಕ್ಕರೆಯಂತಹ ವಸ್ತುವನ್ನು ರಕ್ತನಾಳಕ್ಕೆ ಕೊಟ್ಟು, ಮಾತು, ಮೊಬೈಲ್ ಯಾವುದೂ ಇಲ್ಲದೆ ಮಂದ ಬೆಳಕಿನ ಕೋಣೆಯಲ್ಲಿ ಸುಮಾರು ಅರ್ಧ ಗಂಟೆ ಸುಮ್ಮನೆ ಇರಿಸುತ್ತಾರೆ. ಮಿದುಳಿನ ಯಾವ ಭಾಗ ಕೆಲಸ ಕಡಿಮೆ ಮಾಡಿದೆಯೋ ಆ ಭಾಗ ಸಕ್ಕರೆಯನ್ನೂ ಕಡಿಮೆ ಹೀರಿರುತ್ತದೆ. ಆಲ್‌ಝೈಮರ್ಸ್‌ನಲ್ಲಿ ಈ ಕೊರತೆ ಮಿದುಳಿನ ಪಕ್ಕ ಮತ್ತು ಹಿಂಬದಿಯ ಕಡೆಗೆ ಹೆಚ್ಚು. ನಾನು ಹೇಳಿದ ಇನ್ನೊಂದು ಕಾಯಿಲೆಯಲ್ಲಿ ಮುಂಭಾಗಕ್ಕೆ ಹೆಚ್ಚು. ತಂದೆಯವರಿಗೆ ಮಧುಮೇಹವಿದ್ದರೆ ಮೊದಲೇ ತಿಳಿಸಿ, ಏಕೆಂದರೆ ರಕ್ತದಲ್ಲಿ ಸಕ್ಕರೆ ಏರಿದ್ದರೆ ಚಿತ್ರ ಮಂಕಾಗುತ್ತದೆ. ಆ ವಸ್ತುವಿನ ವಿಕಿರಣ 110 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಅದನ್ನು ತಯಾರಿಸಿ ದೂರಕ್ಕೆ ಸಾಗಿಸುವುದು ಕಷ್ಟ. ಈ ಸೌಲಭ್ಯ ಹೆಚ್ಚಾಗಿ ದೊಡ್ಡ ನಗರಗಳಲ್ಲಿರಲು ಅದೂ ಒಂದು ಕಾರಣ.

ನಿಮ್ಮ ತಮ್ಮನವರು ಹೇಳುತ್ತಿರುವುದು ಬಹುಶಃ ಅಮಿಲಾಯ್ಡ್ ಪೆಟ್. ಆಲ್‌ಝೈಮರ್ಸ್‌ನಲ್ಲಿ ಮಿದುಳಿನಲ್ಲಿ ಕೂಡಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಅದು ತೋರಿಸುತ್ತದೆ. 2012ರಲ್ಲಿ ಅಮೆರಿಕದಲ್ಲಿ ಈ ಸ್ಕ್ಯಾನ್‌ಗೆಂದೇ ರಕ್ತನಾಳಕ್ಕೆ ಕೊಡುವ ಒಂದು ವಸ್ತು ಒಪ್ಪಿಗೆ ಪಡೆಯಿತು. ಅದರಲ್ಲಿ ಏನೂ ಕಾಣದಿದ್ದರೆ ಮರೆವಿಗೆ ಆಲ್‌ಝೈಮರ್ಸ್ ಕಾರಣವಾಗಿರುವ ಸಾಧ್ಯತೆ ತೀರ ಕಡಿಮೆ. ಕಂಡರೆ ಮಾತ್ರ ಅಷ್ಟು ಸುಲಭದ ತೀರ್ಪಿಲ್ಲ: ನೆನಪು ನೆಟ್ಟಗಿರುವವರಲ್ಲಿಯೂ 50ರ ವಯಸ್ಸಿನಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ, 90ರ ಹೊತ್ತಿಗೆ 10ರಲ್ಲಿ ನಾಲ್ವರಿಗೂ ಹೆಚ್ಚು ಮಂದಿಗೆ ಅದು ಇರುತ್ತದೆ. ಅಮಿಲಾಯ್ಡ್ ತೆಗೆಯುವ ಹೊಸ ಚುಚ್ಚುಮದ್ದುಗಳನ್ನು ಕೊಡುವ ಮುನ್ನ ಅದರ ಇರುವಿಕೆಯ ಪುರಾವೆ ಬೇಕೇ ಬೇಕು. ಆದರೆ ಅವು ಕಾಯಿಲೆಯ ಆರಂಭದ ಹಂತದವರಿಗೆ ಮಾತ್ರ, ಮತ್ತು ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತಿದೆಯೇ ಎಂದು ನೋಡಲು ಎಂ.ಆರ್.ಐ.ಯನ್ನು ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ‘ಈ ಸ್ಕ್ಯಾನ್‌ನ ಉತ್ತರ ಏನೇ ಬಂದರೂ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂದು ವೈದ್ಯರನ್ನು ಕೇಳಿದ ಮೇಲೆಯೇ ಹಣ ಕಟ್ಟಿ.

ಪ್ರಶ್ನೆ: ಅತ್ತೆಯವರಿಗೆ ಎಂ.ಆರ್.ಐ. ಬರೆದಿದ್ದಾರೆ. ಮಷೀನಿನ ಭಯ ಒಂದಾದರೆ, ತಾಳಿ ತೆಗೆಯುವುದಿಲ್ಲ ಎಂಬ ಹಟ ಇನ್ನೊಂದು. ಏನು ಮಾಡಲಿ?
– ಓದುಗರು, ಬೈಲಹೊಂಗಲ

ಉತ್ತರ: ಅಲುಗಾಡಿದರೆ ಚಿತ್ರ ಕೆಡುವುದರಿಂದ ಅವರ ಭಯವನ್ನು ಹಗುರವಾಗಿ ಕಾಣಬೇಡಿ. ಮಷೀನಿನ ಗದ್ದಲ ಜೋರಾಗಿರುತ್ತದೆ, ಅರ್ಧ ಗಂಟೆಯಷ್ಟು ಹೊತ್ತು ಅಲುಗದೆ ಮಲಗಬೇಕಾಗುತ್ತದೆ ಎಂದು ಹಿಂದಿನ ದಿನವೂ, ಒಳಗೆ ಹೋಗುವ ಮುನ್ನವೂ ಹೇಳಿರಿ. ಅವರ ಮನಸ್ಸು ತಿಳಿಯಾಗಿರುವ ಬೆಳಗಿನ ಹೊತ್ತನ್ನು ಕೇಳಿ ಪಡೆಯಿರಿ. ಅನುಮತಿ ಕೊಟ್ಟರೆ ನೀವೂ ಲೋಹದ ವಸ್ತುಗಳನ್ನೆಲ್ಲ ಹೊರಗಿಟ್ಟು ಒಳಗೆ ಅವರ ಪಾದ ಹಿಡಿದು ಕೂರಬಹುದು. ಪೇಸ್‌ಮೇಕರ್ ಅಥವಾ ಹಳೆಯ ಶಸ್ತ್ರಚಿಕಿತ್ಸೆಯ ಕ್ಲಿಪ್ ಇದ್ದರೆ ಮೊದಲೇ ತಿಳಿಸುವುದನ್ನು ಮರೆಯಬೇಡಿ. ಎಷ್ಟು ಮಾಡಿದರೂ ಆಗದಿದ್ದರೆ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಸಿ.ಟಿ. ಸಾಕೇ ಎಂದು ವೈದ್ಯರನ್ನು ಕೇಳಿ. ಗಡ್ಡೆ, ರಕ್ತ, ದ್ರವ ಇವುಗಳನ್ನು ನೋಡಲು ಅದು ಬಹುಮಟ್ಟಿಗೆ ಸಾಕಾಗುತ್ತದೆ.

ತಾಳಿಯ ವಿಷಯದಲ್ಲಿ ವಾದ ಮಾಡಬೇಡಿ. ಅರಿಸಿನದ ಕೊಂಬನ್ನು ಹತ್ತಿಯ ದಾರಕ್ಕೆ ಕಟ್ಟಿ ಮನೆಯಲ್ಲಿಯೇ ಅವರ ಕೊರಳಿಗೆ ಹಾಕಿ, ಆಮೇಲೆ ತಾಳಿಯನ್ನು ತೆಗೆದು ಅವರ ಕಣ್ಣೆದುರೇ ನಿಮ್ಮ ಸೆರಗಿಗೆ ಗಂಟು ಹಾಕಿಕೊಂಡು ಹೊರಡಿರಿ. ಅವರು ಒಳಗೆ ಹೋಗುವಾಗ ಆ ಸೆರಗು ಬಾಗಿಲಾಚೆಯೇ ಉಳಿಯಬೇಕಾಗುತ್ತದೆ. ಆದ್ದರಿಂದ ಆ ದಿನ ಒಳಗೆ ಅವರ ಬಳಿ ಕೂರಲು ಮನೆಯ ಇನ್ನೊಬ್ಬರನ್ನು ಕರೆದುಕೊಂಡು ಹೋಗಿರಿ.