ಹುಬ್ಬಳ್ಳಿ-ಧಾರವಾಡ ಕಡೆ ಕಸ್ಟಮ್ಸ್ ಬ್ರೋಕರ್ ಕೆಲಸಕ್ಕೆ ಅವಕಾಶ ಇದೆಯಾ?

ಇದೆ, ಆದರೆ ಹೆಚ್ಚಾಗಿ ಕಾಗದದ ಕೆಲಸ. ಕಸ್ಟಮ್ಸ್ ಬ್ರೋಕರ್ ಅಂದರೆ ಆಮದು-ರಫ್ತುದಾರರ ಪರವಾಗಿ ಸುಂಕ ಇಲಾಖೆಯ ಕೆಲಸ ಮುಗಿಸಿಕೊಡುವವರು. ಹಡಗು ನಿಲ್ಲೋದು ಗೋವಾದ ಮುರ್ಗಾಂವ್, ಮಂಗಳೂರು, ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರುಗಳಲ್ಲಿ. ಇಲ್ಲಿ ರಫ್ತುದಾರರಿಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ಸಿದ್ಧಮಾಡುವವರು ಬೇಕು. ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ: ಇಡೀ ಒಣಕಾಯಿಗೆ ಕಸ್ಟಮ್ಸ್ ಕೋಡ್ (ಸರಕನ್ನು ಗುರುತಿಸುವ ಸಂಖ್ಯೆ) 09042110, ಖಾರದ ಪುಡಿಗೆ 09042211. ಅದಲುಬದಲಾದರೆ ಬಿಲ್ ತಿದ್ದುಪಡಿ ಆಗೋವರೆಗೆ ಕಂಟೇನರ್ ಬಂದರಿನಲ್ಲೇ ಕೂತು ಬಾಡಿಗೆ ಏರಬಹುದು. ಸಾಂಬಾರ ಮಂಡಳಿ (ಸ್ಪೈಸಸ್ ಬೋರ್ಡ್) ನೋಂದಣಿಯೂ ಮೊದಲೇ ಆಗಿರಬೇಕು. ಇದನ್ನು ಮರೆಯೋರೇ ಜಾಸ್ತಿ.

ಪಿಯುಸಿ ಆದವರು ಬ್ರೋಕರ್ ಕಚೇರಿ ಸೇರಿ, ಪರೀಕ್ಷೆ ಬರೆದು ಜಿ ಕಾರ್ಡ್ (ಬ್ರೋಕರ್ ಪರವಾಗಿ ಕಸ್ಟಮ್ಸ್ ಕೆಲಸ ಮಾಡಲು ಬೇಕಾದ ಗುರುತಿನ ಚೀಟಿ) ಪಡೆಯಬಹುದು. 2018ರ ನಿಯಮದಂತೆ ಪದವೀಧರರಿಗೆ ಜಿ ಕಾರ್ಡ್‌ನಲ್ಲಿ 2 ವರ್ಷ ಅನುಭವವಿದ್ದರೆ ಸ್ವಂತ ಲೈಸೆನ್ಸ್ ಪರೀಕ್ಷೆಗೆ ಅರ್ಹತೆ ಸಿಗುತ್ತದೆ. ಆ ಎರಡು ವರ್ಷ ಮಂಗಳೂರು ಇಲ್ಲವೇ ಗೋವಾದಲ್ಲೇ ಕಳೆಯಿರಿ.