ಮುಕ್ಕಾಲು ಗಂಟೆಯ ವಿಡಿಯೊ ಯಾರೂ ನೋಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಬಿ.ಎ. ವಿದ್ಯಾರ್ಥಿಗಳಿಗೆ ಹೊಯ್ಸಳ ವಾಸ್ತುಶಿಲ್ಪದ ಆನ್‌ಲೈನ್ ಕೋರ್ಸ್ ಮಾಡುತ್ತಿದ್ದೇನೆ. 45 ನಿಮಿಷದ ವಿಡಿಯೊ, ಕೊನೆಗೆ ಕ್ವಿಜ್. ಮಕ್ಕಳು ವಿಡಿಯೊ ಓಡಿಸಿ ನೇರ ಕ್ವಿಜ್‌ಗೆ ಹೋಗುತ್ತಾರೆ. ಸಕಲೇಶಪುರದ ಕಡೆಯವರಿಗೆ ನೆಟ್‌ವರ್ಕ್ ಸಿಗುವುದೇ ಕಷ್ಟ. ಪಾಠವನ್ನು ಇಂಟರ್‌ಆ್ಯಕ್ಟಿವ್ ಮಾಡುವುದು ಹೇಗೆ?
– ಉಪನ್ಯಾಸಕಿ, ಹಾಸನ

ಉತ್ತರ: ಮೇಡಂ, ಮಕ್ಕಳು ಸೋಮಾರಿಗಳು ಅಂತ ನನಗೆ ಅನ್ನಿಸುವುದಿಲ್ಲ. ಆ 45 ನಿಮಿಷದಲ್ಲಿ ಅವರಿಗೆ ಮಾಡಲು ಕೆಲಸವೇ ಇಲ್ಲ, ಅಲ್ವಾ? ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ ಬಗ್ಗೆ 2014ರಲ್ಲಿ ಬಂದ ಅಧ್ಯಯನವೊಂದರಲ್ಲಿ, 6 ನಿಮಿಷದೊಳಗಿನ ವಿಡಿಯೊಗಳನ್ನೇ ಜನ ಜಾಸ್ತಿ ಗಮನವಿಟ್ಟು ನೋಡಿದ್ದು ಕಂಡುಬಂತು. ಹಾಗಾಗಿ ಮೊದಲು ವಿಡಿಯೊ ತುಂಡು ಮಾಡಿ. ಸ್ಲೈಡ್‌ನಲ್ಲಿ ಬರೆದದ್ದನ್ನೇ ಓದಿ ಹೇಳಬೇಡಿ.

ನಡುನಡುವೆ ಸುಮ್ನೆ ಬಟನ್ ಒತ್ತಿಸಿದರೆ ಸಾಲದು. ನೀವು ಉತ್ತರ ಹೇಳುವ ಮೊದಲು ವಿದ್ಯಾರ್ಥಿ ತಾನೇ ಯೋಚಿಸಿ ಒಂದನ್ನು ಆರಿಸಬೇಕು.

ಹಳೇಬೀಡಿನ ಗೋಡೆಯನ್ನೇ ತೆಗೆದುಕೊಳ್ಳಿ. ಆನೆ, ಕುದುರೆ ಸವಾರರು, ಪುರಾಣದ ಕಥೆ, ಹಂಸ: ಈ ಸಾಲುಗಳ ಚಿತ್ರ ಕೊಟ್ಟು ಕೆಳಗಿನಿಂದ ಮೇಲಕ್ಕೆ ಜೋಡಿಸಲು ಹೇಳಿ. ಆನೆಯನ್ನು ಮೇಲಿಟ್ಟವರಿಗೆ ಬರೀ ‘ತಪ್ಪು’ ಅನ್ನಬೇಡಿ. ‘ಇಡೀ ಗೋಡೆಯ ಭಾರ ಹೊತ್ತಂತೆ ಕಾಣಬೇಕಾದ್ದು ಯಾವುದು?’ ಎಂದು ಕೇಳಿ. ಅವರೇ ಆನೆಯನ್ನು ಕೆಳಗಿಳಿಸುತ್ತಾರೆ.

ಇನ್ನೊಂದು. ಬೇಲೂರಿನ ಶಿಲಾಬಾಲಿಕೆಯ ಸರದ ಫೋಟೊ ಹತ್ತಿರದಿಂದ ತೋರಿಸಿ, ಇದು ಯಾವ ಕಲ್ಲು ಎಂದು ಕೇಳಿ. ‘ಗ್ರಾನೈಟ್’ ಎಂದವರಿಗೆ ಶ್ರವಣಬೆಳಗೊಳದ ಗೊಮ್ಮಟನ ಫೋಟೊ ಬರಲಿ. ಅದು ಗ್ರಾನೈಟ್. ಮೈ ನುಣುಪು, ಆದರೆ ಇಷ್ಟು ಸಣ್ಣ ಮಣಿಗಳ ಕುಸುರಿ ಅಲ್ಲಿಲ್ಲ. ಶಿಲಾಬಾಲಿಕೆಯದು ಬಳಪದ ಕಲ್ಲು, ಅದು ಮೆದು ಅನ್ನುವುದು ಆಗ ತಾನಾಗಿ ಹೊಳೆಯುತ್ತದೆ. ಪಾಠದ ಜೀವ ಇರುವುದು ತಪ್ಪು ಉತ್ತರಕ್ಕೆ ನೀವು ಬರೆಯುವ ಈ ಎರಡು ಸಾಲಿನಲ್ಲಿ. ನಿಮ್ಮ ಸಮಯವನ್ನು ಅಲ್ಲಿ ಹಾಕಿ.

ಇದಕ್ಕೆಲ್ಲ ಎಚ್5ಪಿ ಎಂಬ ಉಚಿತ ಸಾಧನ ಸಾಕು. ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲೇ ಸಿಗುತ್ತದೆ, ಕೋಡಿಂಗ್ ಬೇಡ. ಮೂಡಲ್ ಆ್ಯಪ್‌ನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದಾಗಲೂ ತೆರೆಯುತ್ತದೆ. ಸಕಲೇಶಪುರದ ಮಕ್ಕಳು ಕಾಲೇಜಿಗೆ ಬಂದಾಗ ಇಳಿಸಿಕೊಂಡು ಹೋಗಲಿ. ಯೂಟ್ಯೂಬ್ ಲಿಂಕ್ ಹಾಕಿದರೆ ಮಾತ್ರ ಇದು ನಡೆಯುವುದಿಲ್ಲ. ಅವರಿಗೆ ಫೋಟೊ, ಚಿಕ್ಕ ಆಡಿಯೊ ವಾಸಿ.

ಫೋಟೊಗಳನ್ನು ನೀವೇ ತೆಗೆಯಿರಿ. ಗೋಡೆಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ. ಕೆತ್ತನೆಯ ಆಳ ಆಗಲೇ ಚೆನ್ನಾಗಿ ಕಾಣುವುದು.